ನಮ್ಮ ಸೋದರಮಾವನ ಚುಕ್ಕಿಗಳು

ನಮ್ಮ ಸೋದರಮಾವನಷ್ಟು ಸೋಮಾರಿ ಚಿತ್ರಕಾರ ಇಡೀ ಹೊಸಪೇಟೆಯಲ್ಲಿ ಇನ್ನೊಬ್ಬನಿಲ್ಲ! ಬಟ್ಟೆಯ ತುಂಬ ಬರೀ ಚುಕ್ಕಿ. ಮರವಿಲ್ಲ, ಮನುಷ್ಯರಿಲ್ಲ. ಹಂಪಿಯ ಮಗ್ಗುಲಲ್ಲಿದ್ದೂ ಕಲ್ಲಿನ ರಥ ಬರೆಯದವನನ್ನು ಚಿತ್ರಕಾರ ಎಂದು ಯಾರು ತಾನೆ ಒಪ್ಪುತ್ತಾರೆ?

ಬಣ್ಣವನ್ನೂ ಕೊಳ್ಳುವುದಿಲ್ಲ. ಸಂಡೂರಿನ ಕೆಂಪು ಮಣ್ಣಿಗೆ ಅಂಟು ಕಲಸಿ ಹೆಬ್ಬೆರಳಿನಿಂದ ಒತ್ತುತ್ತಾನೆ. ಊಟದ ನಡುವೆಯೇ ಎದ್ದುಹೋಗಿ ಒತ್ತಿ ಬರುತ್ತಾನೆ. ಕಂಪ್ಲಿಯ ಮದುವೆಯೊಂದರಲ್ಲಂತೂ ಅಕ್ಷತೆ ಹಾಕುವ ಹೊತ್ತಿಗೆ ಬಸ್ಸು ಹತ್ತಿ ಮನೆಗೆ ಓಡಿಬಂದಿದ್ದ!

"ನಿಮ್ಮ ತಮ್ಮ ಎಲ್ಲಿ ಹೋದ್ನರಿ?" ಎಂದು ಬೀಗರು ಕೇಳಿದರು.

"ಚುಕ್ಕಿ ಇಡಾಕ ಹೋಗ್ಯಾನ್ರಿ" ಎಂದಳು ಅವ್ವ. ನಾವೆಲ್ಲ ಬಿದ್ದುಬಿದ್ದು ನಕ್ಕೆವು.

ನಗುತ್ತ ಹೇಳುತ್ತಿದ್ದೇನೆ, ಆದರೆ ಹಿಂದಿನದು ನಗುವ ಮಾತಲ್ಲ. ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕಿದ್ದಾಗ ಮೈನೋವಿಗೆಂದು ನುಂಗಿದ ಮಾತ್ರೆ ಕೊನೆಗೆ ಅವನನ್ನೇ ನುಂಗಿತು. ಮನೆ ಬಿಟ್ಟು ಹೋದವನು ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಬಿದ್ದಿದ್ದಾನೆಂದು ತಿಳಿದು ಹೋದೆವು. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಕಣ್ಣು ಬಿಟ್ಟು ಬಲು ಮರ್ಯಾದೆಯಿಂದ, "ಯಾರ್ರಿ ನೀವು?" ಎಂದ. ಎತ್ತಿ ಆಡಿಸಿದ ಅಕ್ಕನನ್ನು! ಆ 'ರಿ' ಅವ್ವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ವ್ಯಸನ ಬಿಡಿಸುವ ಕೇಂದ್ರದಿಂದ ಮರಳಿದ ಮೇಲೂ, ಇವನು ಮತ್ತೆ ಕೈತಪ್ಪಿದರೆ ಎಂಬ ಭಯ ಅವಳನ್ನು ಬಿಡಲಿಲ್ಲ.

ಆ ಕೇಂದ್ರದ ಗೆಳೆಯರೇ ಈಚೆಗೆ ತುಂಗಭದ್ರಾ ಡ್ಯಾಮಿನ ಬಳಿಯ ಭವನವೊಂದರಲ್ಲಿ ಅವನ ಚಿತ್ರಪ್ರದರ್ಶನ ಏರ್ಪಡಿಸಿದರು. ಗೋಡೆಗೆ ಹಿಡಿಸದಷ್ಟು ದೊಡ್ಡ ಬಟ್ಟೆಯನ್ನು ನೆಲಕ್ಕೇ ಹಾಸಿ ಮಾವ ಚಹಾ ತರಲು ಹೋದ. ಬಾಗಿಲಿಗೆ ರಂಗೋಲಿ ಹಾಕಲು ಬಂದ ಅವ್ವ ಅದನ್ನು ಕಂಡಳು. "ನಾಲ್ಕು ಮಂದಿ ಬರೋ ಜಾಗ. ಚುಕ್ಕಿ ಇಟ್ಟು ಹಂಗ ಬಿಡಬಾರದು" ಎನ್ನುತ್ತ ಕುಕ್ಕರಗಾಲಲ್ಲಿ ಕೂತು ಬಿಳಿ ಹುಡಿಯಿಂದ ಗೆರೆ ಎಳೆದು ಚುಕ್ಕಿಗಳನ್ನು ಕೂಡಿಸತೊಡಗಿದಳು. ನಾನು ತಡೆಯುವಷ್ಟರಲ್ಲಿ ಅರ್ಧ ಮುಗಿದಿತ್ತು!

ಮಾವ ಚಹಾ ಹಿಡಿದು ಬಾಗಿಲಲ್ಲೇ ನಿಂತ.

"ಈ ಮೂಲ್ಯಾಗ ಯಾಕ ಇಷ್ಟು ಒತ್ತೊತ್ತಿ ಇಟ್ಟೀಯೋ? ಗೆರಿ ಎಳ್ಯಾಕ ಜಾಗ ಇಲ್ಲ" ಎಂದು ಅವ್ವನೇ ಗದರಿದಳು.

"ಅದು ಕಂಪ್ಲಿ ಮದುವಿ ದಿನದ್ದು, ಅಕ್ಕಾ. ಮಾತ್ರಿ ಬೇಕು ಅನ್ನಿಸಿದಾಗೆಲ್ಲ ಒಂದು ಚುಕ್ಕಿ ಇಡ್ತೀನಿ. ಅವತ್ತು ಭಾಳ ಅನ್ನಿಸಿತ್ತು."

ಅವ್ವನ ಕೈ ನಿಂತಿತು. ಅಂದು ನಾವೆಲ್ಲ ಎಷ್ಟು ನಕ್ಕಿದ್ದೆವು!

"ಝಾಡಿಸಿ ತೆಗಿತೀನೋ ತಮ್ಮಾ" ಎಂದಳು ಸಣ್ಣ ದನಿಯಲ್ಲಿ.

"ಬ್ಯಾಡ. ಉಳಿದದ್ದೂ ಎಳಿ."

ಅವಳು ಕಣ್ಣೊರೆಸಿಕೊಂಡು ಎಳೆಯುತ್ತಿದ್ದಾಗಲೇ ಜನ ಬಂದರು. ಚಿತ್ರದ ಮೇಲೇ ಕೂತ ಹೆಂಗಸನ್ನು ಕಂಡು ಒಬ್ಬರು ಗಾಬರಿಯಿಂದ, "ಯಾರ್ರಿ ಇವ್ರು?" ಎಂದರು.

ಮಾವ ಚಹಾದ ಲೋಟ ಕೆಳಗಿಟ್ಟ.

"ನಮ್ಮಕ್ಕ ರೀ" ಎಂದ.