ಕೆಂಚನಿಗೆ ಒಂದೇ ಮಾತು

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ಒಂದು ನಾಯಿಗೆ ‘ಕೂತುಕೋ’ ಎಂಬ ಒಂದೇ ಒಂದು ಕ್ರಿಯಾಪದ ಕಲಿಸಲಾರದೆ ಹೋದ ಎಂದರೆ ನೀವು ನಗುತ್ತೀರಿ. ನಗಿ. ಪಾಂಡವಪುರದ ನಮ್ಮ ಸ್ಟಾಫ್ ರೂಮಿನಲ್ಲಿ ಈಗಾಗಲೇ ನಕ್ಕಾಗಿದೆ.

ನಾಯಿಯ ಹೆಸರು ಕೆಂಚ. ಕಿರಂಗೂರಿನ ನಮ್ಮ ಮನೆಗೆ ಅಂಗೈಯಗಲದ ಮರಿಯಾಗಿ ಬಂದವನು ವರ್ಷ ತುಂಬುವುದರೊಳಗೆ ಕರುವಿನಷ್ಟು ಬೆಳೆದ. ಯಾರನ್ನೂ ಕಚ್ಚಿದವನಲ್ಲ, ಅವನ ಕಾಯಿಲೆಯೇ ಪ್ರೀತಿ. ಕಂಡವರ ಎದೆಯ ಮೇಲೆ ಎರಡೂ ಮುಂಗಾಲಿಟ್ಟು ಮುಖ ನೆಕ್ಕುತ್ತಿದ್ದ. ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟಿದ್ದ ಪಕ್ಕದ ಮನೆಯ ನಿಂಗಮ್ಮನವರನ್ನು ಹಾಗೆಯೇ ಅಪ್ಪಿಕೊಂಡ. ಕ್ಯಾನು ಮಗುಚಿತು, ನಿಂಗಮ್ಮ ನೆಲಕ್ಕೆ ಕೂತರು.

“ಏನ್ ಮೇಷ್ಟ್ರೇ, ಆಲೆಲ್ಲ ಮಣ್ಣುಪಾಲಾಯ್ತು! ಊರ್ ಮಕ್ಕಳಿಗೆಲ್ಲ ಬುದ್ಧಿ ಯೋಳ್ತೀರಿ, ಇದಕ್ಕೊಸಿ ಯೋಳಬಾರ್ದಾ?”

ನನ್ನ ಹೆಂಡತಿ ಜಯಮ್ಮ ಅಲ್ಲೇ ತೀರ್ಪು ಕೊಟ್ಟಳು. “ಒಂದ್ ತಿಂಗ್ಳು ನೋಡ್ತೀನಿ. ಕಲೀದಿದ್ರೆ ಕಿಕ್ಕೇರಿಗೆ, ನಮ್ಮಣ್ಣನ ತೋಟಕ್ಕೆ ಬುಟ್ಬುಟ್ಟು ಬರ್ತೀನಿ.” ಆ ತೋಟದಲ್ಲಿ ನಾಯಿಗಳು ಸರಪಳಿಯಲ್ಲೇ ಬೆಳೆದು ಸರಪಳಿಯಲ್ಲೇ ಮುದಿಯಾಗುತ್ತವೆ.

ಹಾಗಾಗಿ ದೇವಲಾಪುರದಿಂದ ಬೋರೇಗೌಡರನ್ನು ಕರೆಸಿದೆ. ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು. ಕಾಫಿ ಕುಡಿದು, “ಎಲ್ಲಿ, ನೀವೊಂದ್ಸಲ ಕೂರ್ಸಿ ನೋಡವ” ಎಂದರು. ನಾನು ಗಂಟಲು ಸರಿಮಾಡಿಕೊಂಡು, “ಕೆಂಚ, ಕೂತುಕೋ. ಬಂದವರ ಮುಂದೆ ಹೀಗೆಲ್ಲ ಕುಣಿಯಬಾರದಪ್ಪ. ಕೂತರೆ ಯಾರಿಗೆ ಒಳ್ಳೆಯದು? ನಿನಗೇ ತಾನೇ?” ಎಂದೆ. ಕೆಂಚ ಆಕಳಿಸಿದ. ಆ ಆಕಳಿಕೆ ನನಗೆ ಹೊಸದಲ್ಲ.

“ಆರ್ಡ್ರು ಕೊಡಿ ಅಂದ್ರೆ ಪಾಟ ಮಾಡ್ತೀರಲ್ಲ ಮೇಷ್ಟ್ರೇ! ಒಂದೇ ಮಾತು. ಒಂದೇ ದನಿ. ಆಮೇಲೆ ಬಾಯ್ ಮುಚ್ಕಬೇಕು.”

ಮೊದಲೆರಡನ್ನು ಹೇಗೋ ಕಲಿತೆ. ಮೂರನೆಯದು ನಮ್ಮ ವೃತ್ತಿಯವರಿಗೆ ಆಗುವಂಥದ್ದಲ್ಲ. ಮೂರು ವಾರ ಅಂಗಳದಲ್ಲಿ ನಾನು ವ್ಯಾಖ್ಯಾನ ಮಾಡಿದೆ, ಕೆಂಚ ಬಾಲ ಆಡಿಸಿದ. ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ, ಅವನು ಮೊರಕ್ಕೆ ಮೂತಿ ಹಾಕಲು ಬಂದಾಗಲೆಲ್ಲ ಒಂದೇ ಮಾತಿನಲ್ಲಿ ತಡೆಯುತ್ತಿದ್ದಳು.

ಕೊನೆಯ ವಾರ ಒಂದು ಸಂಜೆ ಗೇಟು ತೆರೆದಿತ್ತು. ರಸ್ತೆಯಾಚೆ ನಿಂಗಮ್ಮನವರು ಕಂಡದ್ದೇ ತಡ, ಕೆಂಚ ಬಾಣದಂತೆ ಹಾರಿದ. ಅತ್ತಲಿಂದ ಕಬ್ಬು ಹೇರಿದ ಟ್ರಾಕ್ಟರು ಬರುತ್ತಿತ್ತು. ನಾನು ಹಿಂದೆಯೇ ಓಡಿದೆ. “ಕೆಂಚಾ, ಬೇಡಪ್ಪಾ, ಟ್ರಾಕ್ಟರು ಬರ್ತಾ ಇದೆ, ಒಂಚೂರು ಯೋಚನೆ ಮಾಡು...” ಜೀವ ಬಾಯಿಗೆ ಬಂದಿದ್ದರೂ ಆ ಬಾಯಲ್ಲಿ ಉಪದೇಶವೇ!

“ನಿಂತ್ಕಳ್ಲಾ!”

ಜಗಲಿಯಿಂದ ಜಯಮ್ಮನ ದನಿ. ಕೆಂಚ ರಸ್ತೆಯಂಚಿನಲ್ಲಿ ಗಕ್ಕನೆ ನಿಂತ. ಕಬ್ಬಿನ ಗರಿಗಳು ಅವನ ಮೂಗು ಸವರಿಕೊಂಡು ಹೋದವು. ನಿಂಗಮ್ಮನವರೇ ರಸ್ತೆ ದಾಟಿ ಬಂದು ಅವನ ತಲೆ ನೇವರಿಸಿ, “ಪರ್ವಾಗಿಲ್ಲ, ಕಲ್ತವ್ನೆ” ಎಂದರು. ಅಂದಿನಿಂದ ಮನೆಯಲ್ಲಿ ಕಿಕ್ಕೇರಿಯ ಮಾತು ಎದ್ದಿಲ್ಲ.

ಹೇಳಬಾರದು, ಆದರೂ ಹೇಳಿಬಿಡುತ್ತೇನೆ: ಆ ಕೂಗಿಗೆ ಕೆಂಚನಿಗಿಂತ ಒಂದು ಕ್ಷಣ ಮೊದಲೇ ನಿಂತವನು ನಾನು. ಅವನದು ಮೂರು ವಾರದ ಅಭ್ಯಾಸ. ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷ.