ರೊಟ್ಟಿಪುಟವೂ ನಮ್ಮವರ ಒತ್ತುಯಂತ್ರವೂ

ನಮ್ಮವರು ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರೆಂದರೆ, ನಾನು ಹೋಗಿ ಮೇನ್ ಸ್ವಿಚ್ ಪಕ್ಕ ನಿಲ್ಲುತ್ತೇನೆ. ಸಂಸಾರ ಕಲಿಸಿದ ಬುದ್ಧಿ ಅದು!

"ಲೇ ಶಿವಲೀಲಾ, ಇನ್ನ ಮ್ಯಾಲೆ ನಿನ್ನ ರೊಟ್ಟಿ ಅಂಗಡಿ ಪುಟ ಚಿಟಿಕಿ ಹೊಡಿಯೋದ್ರಾಗ ತೆರೀತದ!"

ತೆರೆಯಲೇಬೇಕಿತ್ತು. ನಾನು ಕಡಕ್ ರೊಟ್ಟಿ ಮಾರುವ ಆ ವೆಬ್ ಪುಟವನ್ನು ಸಿಂಗರಿಸಿದವರೂ ಇವರೇ: ಚೆಂಡುಹೂವಿನ ಅಂಚು, ಕುಣಿಯುವ ದೀಪ, ಜರಿಯ ಅಕ್ಷರ. ಈ ಸಿಂಗಾರದ ಸ್ಟೈಲ್‌ಶೀಟ್ ಬಂದು ಮುಟ್ಟುವತನಕ ಪುಟ ಮುಖವನ್ನೇ ತೋರಿಸುತ್ತಿರಲಿಲ್ಲ. ನವಲಗುಂದದ ಬಸಲಿಂಗವ್ವ ಬಸುರಿ ಸೊಸೆಯ ಕುಬುಸದ ಊಟಕ್ಕೆ ನೂರು ರೊಟ್ಟಿ ಹೇಳಲು ಕೊನೆಗೆ ಫೋನ್ ಮಾಡಿದ್ದಳು. "ನಿಮ್ ಪುಟ ತೆರಿಯೋದ್ರಾಗ ನಮ್ಮ ಸೊಸಿ ಹಡದಿರ್ತಾಳ್ರೀ!" ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಇವಳೂ ಕೈತಪ್ಪಿದರೆ ಅಂಗಡಿ ಮುಚ್ಚುವುದೇ ಸರಿ.

"ಮೊದ್ಲು ಸಾಮಾನು ಕಾಣ್ಲಿ, ಸಿಂಗಾರ ಹಿಂದಿನಿಂದ ಬರ್ಲಿ ಅಂತ ಮಾಡೀನಿ," ಎಂದರು. "ಮತ್ತ ಈ ಒತ್ತುಯಂತ್ರ, ಸರ್ವರಿನೊಳಗ ಒಂದೇ ಥರದ್ದು ನೂರು ಸಲ ಇದ್ರ, ಒಂದನ್ನ ಇಟ್ಟು 'ಹಿಂಗ ನೂರು' ಅಂತ ಗುರುತು ಹಾಕಿ ಕಳಸ್ತದ. ಗಿರಾಕಿ ಕಡೆ ಬ್ರೌಸರ್ ಬಿಚ್ಕೊಂತದ!"

ಗುಂಡಿ ಒತ್ತಿದರು. ಪುಟ ಪಟ್ಟನೆ ತೆರೆಯಿತು! ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಸರ್ವರ್ ಇದ್ದದ್ದು ಅಡುಗೆಮನೆಯಲ್ಲಿ, ರೊಟ್ಟಿ ಕಪಾಟಿನ ಕೆಳಗೆ. ಅದರ ಬಿಸಿಗಾಳಿಗೆ ರೊಟ್ಟಿ ಕಡಕ್ ಆಗಲೆಂದು ನಾವೇ ಇಟ್ಟದ್ದು. ನೋಡುತ್ತೇನೆ, ಬಸಲಿಂಗವ್ವನ ನೂರು ರೊಟ್ಟಿಯ ರಾಶಿ ಹೋಗಿ ಒಂದೇ ರೊಟ್ಟಿ ಕೂತಿದೆ! ಅದರ ಮೇಲೆ ಸುಟ್ಟ ಅಕ್ಷರ: "ಹಿಂಗ ನೂರು."

ಬಾಗಿಲಲ್ಲಿ ಟೆಂಪೋ ನಿಂತಿತು. ಬಸಲಿಂಗವ್ವ ಸೀದಾ ಒಳಗೇ ಬಂದಳು.

"ರೀ, ಈ ರೊಟ್ಟಿ ಬಿಚ್ಚೋ ಬ್ರೌಸರ್ ಎಲ್ಲೈತ್ರೀ?" ನಮ್ಮವರನ್ನು ಕೇಳಿದೆ.

"ರೊಟ್ಟಿಗ್ಯಾರು ಬ್ರೌಸರ್ ಮಾಡ್ತಾರ? ಗಾಬರಿ ಆಗಬ್ಯಾಡ, ವೈರ್ ತಿರುವಿ ಹಾಕಿದ್ರ ಆತು!"

ವೈರ್ ತಿರುವಿ, ಬುಟ್ಟಿ ಹಿಡಿದು ತಾವೇ ಕಪಾಟಿಗೆ ತಲೆ ತೂರಿಸಿ ಗುಂಡಿ ಒತ್ತಿದರು. ಚಟಚಟನೆ ರೊಟ್ಟಿ ಬಿಚ್ಚಿಕೊಂಡವು, ನೂರಕ್ಕೆ ನೂರು! ಜೊತೆಗೆ ನಮ್ಮವರೂ ಬಿಚ್ಚಿಕೊಂಡರು. ಅಡುಗೆಮನೆ, ಪಡಸಾಲೆ, ಅಂಗಳ, ಎಲ್ಲಿ ನೋಡಿದರೂ ಅವರೇ! ಸಿಂಗಾರ ಹಿಂದಿನಿಂದ ಬರಲಿ ಅಂದಿದ್ದರಲ್ಲ, ನೂರು ಮಂದಿಯೂ ಬರೀ ಬನಿಯನ್ ಚಡ್ಡಿಯಲ್ಲಿ!

"ಶಿವಶಿವಾ!" ಬಸಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಅಂಗಿ ಧೋತರ ಬಂದು ಮುಟ್ಟಿದವು, ಚೆಂಡುಹೂವಿನ ಅಂಚಿನ ಸಮೇತ. ನೂರು ಬಾಯಿ ಒಟ್ಟಿಗೆ ತೆರೆದವು: "ಲೇ ಶಿವಲೀಲಾ, ಚಹಾ!"

"ಚಹಾ ಆಮ್ಯಾಲೆ. ಮೊದ್ಲು ಒಂದೊಂದು ರೊಟ್ಟಿ ಹೊತ್ಕೊಂಡು ಟೆಂಪೋಕ್ಕ ನಡೀರಿ!" ಎಂದೆ. ಬಸಲಿಂಗವ್ವ ಸೆರಗಿನ ಸಂದಿಯಿಂದ ರೊಟ್ಟಿ ಎಣಿಸಿದಳು. "ಮುಂದಿನ ತಿಂಗಳು ಕೂಸಿನ ತೊಟ್ಟಿಲಿಗೂ ನಿಮ್ಮವೇ ರೊಟ್ಟಿ," ಎಂದು ಹೊರಟಳು. ಹೋದ ಜೀವ ಬಂದಂತಾಯಿತು.

ಅಷ್ಟೂ ಜನರನ್ನು ಕಪಾಟಿನ ಮುಂದೆ ಸಾಲಾಗಿ ನಿಲ್ಲಿಸಿ, ವೈರ್ ಮತ್ತೆ ತಿರುವಿ ಒತ್ತಿದೆ. ಒಬ್ಬರೇ ಉಳಿದರು. ತಕ್ಷಣ ಮೇನ್ ಸ್ವಿಚ್ ಆರಿಸಿದೆ.

ಹೀಗೆ ಉಳಿದ ಒಬ್ಬರು ಚಹಾ ಕುಡಿದ ಕಪ್ಪನ್ನು ತಾವೇ ತೊಳೆದಿಡುತ್ತಾರೆ. ಮೊದಲಿನವರು ತೊಳೆಯುತ್ತಿರಲಿಲ್ಲ. ನಾನೂ ಹೆಚ್ಚು ಕೆದಕಲು ಹೋಗಿಲ್ಲ.