ಹಸಿರು ಬಾವುಟ ಎತ್ತಿದ್ದಕ್ಕೆ ಇಡೀ ತಂಡಕ್ಕೆ ಹಿಂಬಡ್ತಿ

ಕಿರಿಯರ ಫುಟ್‌ಬಾಲ್ ಲೀಗಿನ ಕಾರ್ಯದರ್ಶಿಗಳ ಸನ್ನಿಧಿಗೆ
(ಪ್ರತಿ: ಮೈದಾನದ ನೋಟಿಸ್ ಬೋರ್ಡಿಗೆ)

ಮಾನ್ಯರೇ,

ತಾವೂ ತಮ್ಮ ಸೀಟಿ, ಗಡಿಯಾರ, ಅಂಕಪಟ್ಟಿಗಳೂ ಕುಶಲವೆಂದು ನಂಬಿದ್ದೇನೆ. ದೂರಿನ ಪತ್ರವನ್ನು ‘ಐ ಬೆಗ್ ಟು ಸ್ಟೇಟ್’ ಎಂದೇ ಶುರುಮಾಡಬೇಕೆಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಅದರ ಮುಂದೇನು ಬರೆಯಬೇಕೆಂದು ಹೇಳಿಕೊಟ್ಟ ದಿನ ನಾನು ಚಕ್ಕರ್ ಹೊಡೆದಿದ್ದರಿಂದ ಉಳಿದದ್ದನ್ನು ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ ಅಭಿನಂದನೆ. ರೈಲಿನ ಗಾರ್ಡಾಗಿ ಮೂವತ್ತೊಂದು ವರ್ಷ ದುಡಿದ ನನಗೆ ಬಡ್ತಿ ಬಂದದ್ದು ಒಂದೇ ಸಲ, ಅದೂ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ. ನನ್ನ ಮೊಮ್ಮಗಳಿಗಾದರೋ ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ, ಹನ್ನೊಂದನೇ ವಯಸ್ಸಿಗೇ, ತಾವು ಹಿಂಬಡ್ತಿ ದಯಪಾಲಿಸಿದ್ದೀರಿ. ಮೊದಲ ದರ್ಜೆಯಿಂದ ಎರಡನೆಯದಕ್ಕೆ, ಇಡೀ ತಂಡದ ಸಮೇತ! ಇಂಥ ಚುರುಕನ್ನು ನಮ್ಮ ಇಲಾಖೆಯಲ್ಲಿ ನಾನು ಕಂಡಿರಲಿಲ್ಲ.

ನಡೆದದ್ದಿಷ್ಟು. ಪ್ರತಿ ತಂಡದ ಮನೆಯವರೊಬ್ಬರು ಗೆರೆಯ ಪಕ್ಕ ನಿಂತು, ಆಟಗಾರ್ತಿ ಚೆಂಡಿಗಿಂತ ಮೊದಲೇ ಎದುರಾಳಿಗಳನ್ನು ದಾಟಿ ನಿಂತಿದ್ದರೆ, ಅಂದರೆ ಆಫ್‌ಸೈಡ್ ಆಗಿದ್ದರೆ, ಬಾವುಟ ಎತ್ತಬೇಕೆಂಬುದು ತಮ್ಮ ನಿಯಮ. ಕೊನೆಯ ಪಂದ್ಯಕ್ಕೆ ಸರದಿ ನನ್ನದು. ಗೆದ್ದರೆ ಉಳಿವು, ಇಲ್ಲದಿದ್ದರೆ ಇಳಿವು. ಎರಡೂ ಕಡೆ ಒಂದೊಂದು ಗೋಲು, ಇನ್ನೆರಡು ನಿಮಿಷ ಬಾಕಿ. ಮೊಮ್ಮಗಳು ಚೆಂಡಿನೊಡನೆ ಒಂಟಿಯಾಗಿ ನುಗ್ಗಿದಳು. ದಾರಿ ಖಾಲಿ. ಖಾಲಿ ದಾರಿ ಕಂಡರೆ ಬಾವುಟ ಎತ್ತಿ ‘ಹೊರಡು’ ಅನ್ನುವುದು ಈ ಕೈಯ ಮೂವತ್ತೊಂದು ವರ್ಷದ ಚಾಳಿ. ಎತ್ತಿತು. ಚೆಂಡು ಬಲೆ ಸೇರಿತು, ರೆಫರಿಗಳ ಸೀಟಿಯೂ ಮೊಳಗಿತು: ಆಫ್‌ಸೈಡ್, ಗೋಲು ರದ್ದು.

ಇಂಥ ಕೈಗೆ ಹಸಿರು ಬಾವುಟವನ್ನೇ ಕೊಟ್ಟವರು ಯಾರು ಸ್ವಾಮೀ? ತಮ್ಮ ಕಛೇರಿ!

ನಮ್ಮ ತಂಡದ ಕೋಚ್ ಆಗಿರುವ ಪ್ಲಂಬರಿಗೆ, ಗೋಲ್‌ಕೀಪರಿನ ಅಜ್ಜಿಗೆ, ಕೊನೆಗೆ ಮೈದಾನದ ಕಾವಲುಗಾರನಿಗೂ ಕೈಮುಗಿದು ಕ್ಷಮೆ ಕೇಳಿದೆ. ಪ್ಲಂಬರು, “ಹೋಗ್ಲಿ ಬಿಡಿ ಯಜಮಾನ್ರೇ, ನಮ್ಮ ರೈಲು ಹೇಗಿದ್ರೂ ಲೇಟೇ” ಅಂದ. ಮೊಮ್ಮಗಳು ಮಾತ್ರ ಹನ್ನೆರಡು ದಿನದಿಂದ ನನ್ನೊಡನೆ ಟೂ ಬಿಟ್ಟಿದ್ದಾಳೆ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಅವರಮ್ಮನ ಮೂಲಕವೇ ಅರ್ಜಿ, ಥ್ರೂ ಪ್ರಾಪರ್ ಚಾನೆಲ್. ನನ್ನಾಕೆ ಬದುಕಿದ್ದರೆ, “ನಿಮ್ಮ ಕೈಗೆ ಬಾವುಟ ಕೊಟ್ಟ ಪುಣ್ಯಾತ್ಮ ಯಾರ್ರೀ?” ಎಂದು ನನ್ನನ್ನು ಆಗಲೇ ಮೂರನೇ ದರ್ಜೆಗೆ ಇಳಿಸಿ, ಸಂಜೆಯೊಳಗೆ ತಾತ-ಮೊಮ್ಮಗಳನ್ನು ರಾಜಿ ಮಾಡಿಸುತ್ತಿದ್ದಳು. ಈಗ ಆ ಖಾತೆ ಖಾಲಿಯಿರುವುದರಿಂದ ತಮ್ಮಲ್ಲಿಗೆ ಬಂದಿದ್ದೇನೆ.

ಪ್ರಾರ್ಥನೆ ದೊಡ್ಡದೇನಲ್ಲ. ಎರಡೂ ತಂಡಗಳನ್ನು, ರೆಫರಿಗಳನ್ನು, ಸಾಧ್ಯವಾದರೆ ಅವತ್ತಿನ ಬಿಸಿಲನ್ನೂ ಕರೆಸಿ ಆ ಎರಡು ನಿಮಿಷ ಮತ್ತೆ ಆಡಿಸಿ. ನಾನು ಕೈಗಳನ್ನು ಜೇಬಿನೊಳಗಿಟ್ಟು ಹೊಲಿಸಿಕೊಂಡೇ ಬರುತ್ತೇನೆ. ಅದಾಗದಿದ್ದರೆ ಹುಡುಗಿಯರನ್ನು ಇದ್ದಲ್ಲೇ ಬಿಟ್ಟು, ತಾತಂದಿರಿಗೊಂದು ಲೀಗ್ ತೆರೆದು ನನ್ನನ್ನು ಅದರ ತಳಕ್ಕೆ ತಳ್ಳಿ.

ಉತ್ತರಕ್ಕಾಗಿ ಗೇಟಿನ ಬಳಿಯೇ ಕಾದಿರುವ,
ತಮ್ಮ ವಿಶ್ವಾಸಿ,
ಏಳನೇ ನಂಬರ್ ಅಂಗಿಯವಳ ತಾತ

ತಾ.ಕ.: ಅಂಚೆಗೆ ಹಾಕುವ ಮುನ್ನ ಮೊಮ್ಮಗಳು ಇದನ್ನು ಓದಿ ಬಾಯಿ ಬಿಟ್ಟಳು: “ತಾತ, ಅದು ಆಫ್‌ಸೈಡೇ. ಚೆಂಡು ಕೊಟ್ಟಾಗ್ಲೇ ನಾನು ಎರಡು ಹೆಜ್ಜೆ ಮುಂದಿದ್ದೆ. ನೀನು ಕಂಡೋರ ಹತ್ರ ಎಲ್ಲಾ ಸಾರಿ ಕೇಳ್ಕೊಂಡು ತಿರುಗಿದ್ಯಲ್ಲ, ಅದಕ್ಕೆ ನಂಗೆ ಸಿಟ್ಟು!” ಆದ್ದರಿಂದ ದೂರನ್ನು ಹಿಂಪಡೆದಿದ್ದೇನೆ, ಅಂಚೆಚೀಟಿ ಅಂಟಿಸಿಯಾಗಿರುವುದರಿಂದ ಪತ್ರ ಮಾತ್ರ ಬರುತ್ತದೆ. ಎರಡನೇ ದರ್ಜೆಯಲ್ಲೂ ಗೆರೆಗೆ ನಾನೇ ನಿಲ್ಲಬೇಕೆಂದು ಅವಳ ಆಜ್ಞೆ. ಅಂದಹಾಗೆ, ಇಡೀ ವರ್ಷದಲ್ಲಿ ತಮ್ಮ ರೆಫರಿಗಳು ಕೊಟ್ಟ ಏಕೈಕ ಸರಿಯಾದ ತೀರ್ಪು ನನ್ನ ತಪ್ಪು ಬಾವುಟ ನೋಡಿ ಕೊಟ್ಟದ್ದು. ವಾರ್ಷಿಕ ವರದಿಯಲ್ಲಿ ದಯಮಾಡಿ ನಮೂದಿಸುವುದು.